ಅಲೆ ಕಿರಿದಾದಂತೆ ಹಿರಿದಾದ ಮೈ

ಮಂಗಳೂರಿನ ಕದ್ರಿ ಗುಡ್ಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಕರಾವಳಿಯ ಮನೆಗಳಲ್ಲಿ ರೇಡಿಯೊ ಮುಳ್ಳು ವರ್ಷಗಟ್ಟಲೆ ನಿಂತದ್ದು 1089 ಕಿಲೋಹರ್ಟ್ಜ್‌ನಲ್ಲಿ. ಬ್ರಹ್ಮಾವರದ ಪ್ರಸಾರ ಗೋಪುರದಿಂದ ಹೊರಟ ಆ ಮಧ್ಯಮ ತರಂಗದ ಒಂದೊಂದು ಅಲೆಯೂ 275 ಮೀಟರ್ ಉದ್ದ. ಹೊಳೆ, ಕುದ್ರು, ಅಡಿಕೆ ತೋಟ, ಮುರಕಲ್ಲಿನ ಗೋಡೆ, ಹಂಚಿನ ಮಾಡು ಯಾವುದೂ ಅದಕ್ಕೆ ಲೆಕ್ಕಕ್ಕಿರಲಿಲ್ಲ. ತಾಳಮದ್ದಳೆ ಕೇಳುತ್ತಿದ್ದವರು ಅಂಗಳದಲ್ಲಿ ಕೂತು ಅಡಿಕೆ ಸುಲಿಯಲಿ, ಎದ್ದು ಬಾವಿಕಟ್ಟೆಗೆ ಹೋಗಲಿ, ರೇಡಿಯೊವನ್ನು ಹೆಗಲಿಗೆ ತೂಗಿಕೊಂಡು ಗುಡ್ಡ ಹತ್ತಲಿ, ಅರ್ಥಧಾರಿಯ ಮಾತು ತುಂಡಾಗುತ್ತಿರಲಿಲ್ಲ. ಐದೂವರೆ ಅಡಿಯ ಮನುಷ್ಯ ಆ ಅಲೆಯ ಉದ್ದದಲ್ಲಿ ನೂರೈವತ್ತನೆಯ ಒಂದು ಪಾಲೂ ಆಗಲಾರ. ಅವನು ಕೂತಿದ್ದಾನೋ ನಿಂತಿದ್ದಾನೋ, ಇದ್ದಾನೋ ಇಲ್ಲವೋ, ಅಲೆಗೆ ತಿಳಿಯುವಂತೆಯೇ ಇರಲಿಲ್ಲ.

ಆ ದಿನಗಳಿಂದ ಈಚೆಗೆ ನಮ್ಮ ನಿಸ್ತಂತು ಜಗತ್ತು ದೊಡ್ಡ ಅಲೆಯಿಂದ ಸಣ್ಣ ಅಲೆಗೆ ಇಳಿಯುತ್ತಲೇ ಬಂದಿದೆ. 100.3 ಮೆಗಾಹರ್ಟ್ಜ್‌ನ ಮಂಗಳೂರು ಎಫ್‌ಎಂನ ಅಲೆಗೆ ಮೂರು ಮೀಟರ್. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಸಮುದಾಯ ಬಾನುಲಿ ‘ರೇಡಿಯೊ ಸಾರಂಗ್’ 107.8ರಲ್ಲಿದೆ, ಅದರ ಅಲೆ ಮೂರು ಮೀಟರಿಗೂ ತುಸು ಕಡಿಮೆ. ಮೊಬೈಲ್ ಬಂದಾಗ ಅಲೆ ಗೇಣುದ್ದಕ್ಕೆ ಬಂತು. ಮನೆಯ ವೈಫೈಯಲ್ಲಿ ಅದು ಹನ್ನೆರಡು ಸೆಂಟಿಮೀಟರ್, ಇನ್ನೂ ಹೊಸ ವೈಫೈಯಲ್ಲಿ ಐದಾರು ಸೆಂಟಿಮೀಟರ್. ಈಗ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ಗಳಿಗೆ ಚಿತ್ರ ಮುಟ್ಟಿಸಲು ಎಂಜಿನಿಯರುಗಳು ನೆಚ್ಚಿಕೊಂಡಿರುವ ಹಾದಿಗಳಲ್ಲಿ ಒಂದು 60 ಗಿಗಾಹರ್ಟ್ಜ್. ಸೆಕೆಂಡಿಗೆ ಆರು ಸಾವಿರ ಕೋಟಿ ಸಲ ಕಂಪಿಸುವ ಆ ಅಲೆಯ ಉದ್ದ ಐದೇ ಮಿಲಿಮೀಟರ್.

ಇಲ್ಲಿಗೆ ಬಂದಾಗ ಮನುಷ್ಯನ ಲೆಕ್ಕ ತಲೆಕೆಳಗಾಗುತ್ತದೆ. ಅದೇ ಐದೂವರೆ ಅಡಿಯ ಆಳು ಈಗ ಮುನ್ನೂರಕ್ಕೂ ಹೆಚ್ಚು ಅಲೆಗಳಷ್ಟು ಎತ್ತರ. ಅವನ ಅಂಗೈಯ ಅಗಲವೇ ಹದಿನೈದು ಅಲೆ. 275 ಮೀಟರಿನ ಅಲೆಗೆ ಧೂಳಿನ ಕಣದಂತಿದ್ದವನು ಐದು ಮಿಲಿಮೀಟರಿನ ಅಲೆಗೆ ಕುದುರೆಮುಖದಷ್ಟು ಎತ್ತರದ ಬೆಟ್ಟವಾಗಿ ನಿಂತಿದ್ದಾನೆ. ಅವನು ಬೆಳೆದಿಲ್ಲ, ಅಲೆ ಕುಗ್ಗಿದೆ. ಈ ಒಂದು ಸಂಗತಿ ನನ್ನನ್ನು ಬಹಳ ದಿನಗಳಿಂದ ಹಿಡಿದು ನಿಲ್ಲಿಸಿದೆ. ದೇಹವನ್ನು ಮರೆತು ಬೇರೊಂದು ಲೋಕಕ್ಕೆ ಹಾರಿಹೋಗಲು ಕಟ್ಟಿದ ಯಂತ್ರ ಕಟ್ಟಕಡೆಗೆ ಎದುರಿಸುತ್ತಿರುವ ದೊಡ್ಡ ಸಂಗತಿ ನಮ್ಮ ದೇಹವೇ, ಅದರ ಸಣ್ಣ ಅಲುಗಾಟವೇ.

*

ಎಕ್ಸ್‌ಟೆಂಡೆಡ್ ರಿಯಾಲಿಟಿ, ಚಿಕ್ಕದಾಗಿ ಎಕ್ಸ್‌ಆರ್, ಒಂದು ಕುಟುಂಬದ ಹೆಸರು. ಸುತ್ತಲಿನ ಲೋಕವನ್ನು ಪೂರ್ತಿ ಮರೆಮಾಡಿ ಇನ್ನೊಂದನ್ನು ತೋರಿಸುವ ವರ್ಚುವಲ್ ರಿಯಾಲಿಟಿ, ಇರುವ ಲೋಕದ ಮೇಲೆಯೇ ಇಲ್ಲದ್ದನ್ನು ಕೂರಿಸುವ ಆಗ್ಮೆಂಟೆಡ್ ರಿಯಾಲಿಟಿ, ಇವೆರಡರ ನಡುವಿನ ಬೆರಕೆಗಳು ಎಲ್ಲವೂ ಅದರೊಳಗೆ ಬರುತ್ತವೆ. ರೇಡಿಯೊ ಕೊಟ್ಟದ್ದು ಕಿವಿಗೆ. ಟಿ.ವಿ. ಕೊಟ್ಟದ್ದು ಎದುರಿನ ಒಂದು ಚೌಕಕ್ಕೆ. ಎಕ್ಸ್‌ಆರ್ ಕೊಡಲು ಹೊರಟಿರುವುದು ಸುತ್ತಲಿನ ಇಡೀ ಜಾಗವನ್ನು. ತಲೆ ತಿರುಗಿಸಿದರೆ ಆ ಕಡೆಯದು ಕಾಣಬೇಕು, ಬಗ್ಗಿದರೆ ಕೆಳಗಿನದು, ಎರಡು ಹೆಜ್ಜೆ ಮುಂದಿಟ್ಟರೆ ಹತ್ತಿರದ್ದು ಹತ್ತಿರವಾಗಬೇಕು.

ಅದಕ್ಕೆ ಬೇಕಾದ ಮಾಹಿತಿಯ ರಾಶಿಯನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದೊಂದು ಕಣ್ಣಿಗೂ ಎರಡು ಸಾವಿರ ಅಡ್ಡ, ಎರಡು ಸಾವಿರ ಉದ್ದ ಬಿಂದುಗಳ ಚಿತ್ರ. ಒಂದೊಂದು ಬಿಂದುವಿನ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 90 ಚಿತ್ರ. ಗುಣಿಸಿದರೆ ಸೆಕೆಂಡಿಗೆ 17 ಗಿಗಾಬಿಟ್ ದಾಟುತ್ತದೆ. ಇದನ್ನು ಹಿಂಡಿ ಚಿಕ್ಕದು ಮಾಡಬಹುದು, ಆದರೆ ಹಿಂಡುವುದಕ್ಕೂ ಬಿಡಿಸುವುದಕ್ಕೂ ಹೊತ್ತು ಬೇಕು, ಇಲ್ಲಿ ಇಲ್ಲದಿರುವುದು ಹೊತ್ತೇ. ಇಷ್ಟು ಮಾಹಿತಿ ಹರಿಯಬೇಕಾದರೆ ಅಗಲವಾದ ದಾರಿ ಬೇಕು. ನಮ್ಮ ಮಧ್ಯಮ ತರಂಗದ ಒಂದು ಬಾನುಲಿಗೆ ಮೀಸಲಾದ ಅಗಲ 9 ಕಿಲೋಹರ್ಟ್ಜ್. 60 ಗಿಗಾಹರ್ಟ್ಜ್ ಪಟ್ಟಿಯ ಒಂದೇ ವಾಹಿನಿಯ ಅಗಲ 2,160 ಮೆಗಾಹರ್ಟ್ಜ್. ಆ ಒಂದು ದಾರಿಯೊಳಗೆ ಎರಡು ಲಕ್ಷದ ನಲವತ್ತು ಸಾವಿರ ಆಕಾಶವಾಣಿ ಕೇಂದ್ರಗಳು ಪಕ್ಕಪಕ್ಕದಲ್ಲಿ ಕೂರಬಹುದು. ಸಣ್ಣ ಅಲೆಗೆ ಇಳಿದದ್ದು ಈ ಅಗಲಕ್ಕಾಗಿ.

ಆ ಸಣ್ಣ ಅಲೆಯನ್ನು ಮೊದಲು ಪಳಗಿಸಿದವರಲ್ಲಿ ನಮ್ಮ ದೇಶದವರೊಬ್ಬರು ಇದ್ದಾರೆ. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸ್ 1895ರಲ್ಲಿ ಊರಿನ ಟೌನ್‌ಹಾಲಿನಲ್ಲಿ ಜನರೆದುರು ತಂತಿಯಿಲ್ಲದೆ ದೂರದ ಗಂಟೆ ಬಾರಿಸಿದರು, ಸಿಡಿಮದ್ದು ಹೊತ್ತಿಸಿದರು. ಅವರು ತಮ್ಮ ಪ್ರಯೋಗಗಳಲ್ಲಿ ಐದು ಮಿಲಿಮೀಟರಿನಷ್ಟು ಕಿರಿದಾದ ಅಲೆಗಳವರೆಗೂ ಹೋಗಿದ್ದರು. ಹುರಿಗೊಳಿಸಿದ ಸೆಣಬಿನ ಎಳೆಗಳ ನಡುವೆ ಹಾಯಿಸಿ ಅಲೆ ಹೇಗೆ ತಿರುಚಿಕೊಳ್ಳುತ್ತದೆಂದು ನೋಡಿದರು. ಅಲೆ ಕಿರಿದಾದರೆ ನಿತ್ಯದ ವಸ್ತುಗಳೆಲ್ಲ ಅದಕ್ಕೆ ಅರ್ಥವಾಗತೊಡಗುತ್ತವೆ ಎಂಬುದನ್ನು ಸೆಣಬಿನ ಆ ಹುರಿಯೇ ಹೇಳಿತ್ತು. ನೂರಮೂವತ್ತು ವರ್ಷದ ಹಿಂದೆ ಸೆಣಬು ಇದ್ದ ಜಾಗದಲ್ಲಿ ಇವತ್ತು ನಾವು ನಿಂತಿದ್ದೇವೆ.

*

ಮೈ ಬಹುಪಾಲು ನೀರು. ನೀರಿಗೆ ಈ ಸಣ್ಣ ಅಲೆಗಳನ್ನು ಕುಡಿದುಬಿಡುವ ಗುಣವಿದೆ. 60 ಗಿಗಾಹರ್ಟ್ಜ್‌ನ ಅಲೆ ಚರ್ಮದೊಳಕ್ಕೆ ಒಂದು ಮಿಲಿಮೀಟರೂ ಇಳಿಯಲಾರದು. ಗೋಡೆಯ ಮೇಲಿನ ಪ್ರೇಷಕಕ್ಕೂ ಹೆಡ್‌ಸೆಟ್‌ಗೂ ನಡುವೆ ಯಾರಾದರೂ ಹಾದುಹೋದರೆ ಸಿಗ್ನಲ್‌ನ ಬಲ ನೂರು ಪಟ್ಟಿಗೂ ಹೆಚ್ಚು ಕುಸಿಯಬಹುದು. ಬೇರೆಯವರೇ ಹಾಯಬೇಕೆಂದಿಲ್ಲ. ಏನನ್ನೋ ಮುಟ್ಟಲು ನಾವೇ ಎತ್ತಿದ ಕೈ ಸಾಕು. ಬೆನ್ನು ತಿರುಗಿಸಿದರೆ ನಮ್ಮ ತಲೆಯೇ ನಮ್ಮ ಕಣ್ಣಿಗೆ ಬರಬೇಕಾದ ಲೋಕಕ್ಕೆ ಅಡ್ಡ ನಿಲ್ಲುತ್ತದೆ.

ಅಡ್ಡ ನಿಲ್ಲುವುದು ಒಂದು ಬಗೆ. ಇನ್ನೊಂದು ಬಗೆ ದಿಕ್ಕು ತಪ್ಪುವುದು. ಸಣ್ಣ ಅಲೆ ದೂರ ಸಾಗುವುದರೊಳಗೆ ಬೇಗ ಸೊರಗುತ್ತದೆ, ಹಾಗಾಗಿ ಅದನ್ನು ಸುತ್ತಲೂ ಚೆಲ್ಲದೆ ಹತ್ತಾರು ಆಂಟೆನಾಗಳಿಂದ ಒಂದೇ ದಿಕ್ಕಿಗೆ ಕಿರಿದಾದ ಕೋಲಿನ ಹಾಗೆ ಕೂಡಿಸಿ ಕಳಿಸುತ್ತಾರೆ. ಹೆಡ್‌ಸೆಟ್ ಕೂಡ ಅದೇ ದಿಕ್ಕಿಗೆ ಮುಖಮಾಡಿರಬೇಕು. ಆ ಕಿರಣದ ಅಗಲ ಹತ್ತು ಡಿಗ್ರಿ ಎಂದಿಟ್ಟುಕೊಳ್ಳೋಣ. ಯಾರೋ ಕರೆದಂತಾಗಿ ಸೆಕೆಂಡಿಗೆ ನೂರು ಡಿಗ್ರಿಯ ವೇಗದಲ್ಲಿ ಕತ್ತು ಹೊರಳಿಸಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕಿರಣದಿಂದ ಆಚೆಗೆ ಬಿದ್ದಿರುತ್ತೇವೆ. ಅಷ್ಟರಲ್ಲಿ ಒಂಬತ್ತು ಚಿತ್ರಗಳು ಬರಬೇಕಿತ್ತು. ಯಕ್ಷಗಾನದ ತೆಂಕುತಿಟ್ಟಿನ ವೇಷಧಾರಿ ಗಿರಕಿ ಹೊಡೆಯುವಾಗ ಸೆಕೆಂಡಿಗೊಂದು ಸುತ್ತು ಎಂದು ಹಿಡಿದರೂ ಸೆಕೆಂಡಿಗೆ 360 ಡಿಗ್ರಿ ಆಗುತ್ತದೆ. ಆ ವೇಗದಲ್ಲಿ ಮೂರನೆಯ ಚಿತ್ರ ಬರುವ ಮೊದಲೇ ಕಿರಣ ತಪ್ಪಿಹೋಗಿರುತ್ತದೆ. ಅವನ ಕಿರೀಟಕ್ಕೂ ಭುಜಕೀರ್ತಿಗೂ ಹೊದಿಸಿದ ಬೇಗಡೆಯ ಹಾಳೆ ಲೋಹದ್ದಾಗಿದ್ದರೆ ಅದು ಅಲೆಯನ್ನು ಕನ್ನಡಿಯಾಗಿ ಬೇರೆ ಕಡೆಗೆ ಹೊಳೆಯಿಸುತ್ತದೆ.

ಮೂರನೆಯ ಬಗೆ ಎಲ್ಲಕ್ಕಿಂತ ಸೂಕ್ಷ್ಮ. ನೇರ ಬಂದ ಅಲೆಯೂ ಗೋಡೆಗೆ ತಾಗಿ ಬಂದ ಅಲೆಯೂ ಒಂದು ಕಡೆ ಕೂಡಿದಾಗ ಉಬ್ಬಿಗೆ ಉಬ್ಬು ಸೇರಿದರೆ ಬಲ ಹೆಚ್ಚುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಎರಡೂ ಅಳಿಯುತ್ತವೆ. ಬಲ ಹೆಚ್ಚುವ ಜಾಗಕ್ಕೂ ಅಳಿಯುವ ಜಾಗಕ್ಕೂ ನಡುವಿನ ಅಂತರ ಅರ್ಧ ಅಲೆಗಿಂತ ಹೆಚ್ಚಿರಬೇಕಿಲ್ಲ, ಅಂದರೆ ಎರಡೂವರೆ ಮಿಲಿಮೀಟರ್. ಸುಮ್ಮನೆ ಕೂತು ಉಸಿರಾಡುವಾಗ ಎದೆ ಏರಿಳಿಯುವುದು ಅದಕ್ಕಿಂತ ಹೆಚ್ಚು. ನಾವು ಅಲುಗಾಡದೆ ಕೂತಿದ್ದೇವೆ ಎಂದುಕೊಂಡಿರುವಾಗಲೂ ಆ ಅಲೆಯ ಕಣ್ಣಿಗೆ ನಾವು ದೊಡ್ಡ ಪಯಣದಲ್ಲಿದ್ದೇವೆ. ಪ್ರೇಷಕದ ಕಡೆಗೆ ಸೆಕೆಂಡಿಗೆ ಒಂದು ಮೀಟರಿನಂತೆ ನಿಧಾನವಾಗಿ ನಡೆದರೆ ಆವೃತ್ತಿ 200 ಹರ್ಟ್ಜ್‌ನಷ್ಟು ಸರಿಯುತ್ತದೆ. ಆರು ಸಾವಿರ ಕೋಟಿಯಲ್ಲಿ ಇನ್ನೂರು. ನಡೆಯುವವನ ಹೆಜ್ಜೆಯ ಈ ಗುರುತನ್ನು ಅಲೆ ಹೊತ್ತು ತರುತ್ತದೆ, ರೇಡಿಯೊ ಅದನ್ನು ಓದಿ ಸರಿಪಡಿಸಿಕೊಳ್ಳುತ್ತದೆ. ಸ್ಥಿರ ಎಂಬುದು ನಮ್ಮ ಅಳತೆಗೋಲು ಒರಟಾಗಿದ್ದ ಕಾಲದ ಮಾತು ಎಂದು ಈ ಅಂಕಿಗಳ ಮುಂದೆ ಕೂತಾಗ ಅನ್ನಿಸುತ್ತದೆ. ಜೀವ ಇರುವ ಮೈ ಒಂದು ಗಳಿಗೆಯೂ ನಿಂತಿಲ್ಲ. ಅದನ್ನು ನೋಡುವಷ್ಟು ಸಣ್ಣ ಅಲೆ ನಮ್ಮಲ್ಲಿರಲಿಲ್ಲ, ಅಷ್ಟೆ.

*

ತಂತಿಯಿದ್ದರೆ ಈ ಪಾಡು ಯಾವುದೂ ಇಲ್ಲ. 1968ರಲ್ಲಿ ಅಮೆರಿಕದ ಐವನ್ ಸದರ್ಲ್ಯಾಂಡ್ ತಲೆಗೆ ಕಟ್ಟುವ ಮೊದಲ ಕಂಪ್ಯೂಟರ್ ಪರದೆಯನ್ನು ತೋರಿಸಿದಾಗ ಅದು ಮಾಡಿನಿಂದ ಇಳಿಬಿದ್ದ ಲೋಹದ ತೋಳಿಗೆ ಸೇರಿಕೊಂಡಿತ್ತು. ತಲೆ ಎತ್ತ ತಿರುಗಿತೆಂದು ಆ ತೋಳೇ ಯಂತ್ರಕ್ಕೆ ತಿಳಿಸುತ್ತಿತ್ತು. ನೋಡುವವನು ಅದರ ಅಳವಿನೊಳಗೆ ಮಾತ್ರ ಚಲಿಸಬಹುದಿತ್ತು. ಕಟ್ಟು ಬಿಚ್ಚಿ ಮನುಷ್ಯನನ್ನು ಕೋಣೆಯಲ್ಲಿ ನಡೆಯಲು ಬಿಟ್ಟ ದಿನವೇ ಅವನ ಚಲನೆ ಎಂಜಿನಿಯರಿನ ಲೆಕ್ಕದೊಳಕ್ಕೆ ಬಂತು.

ನಮ್ಮ ಮಂಗಳೂರಿನ ಪಿಲಿಕುಳದಲ್ಲಿ ಇನ್ನೊಂದು ದಾರಿ ಇದೆ. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ 3ಡಿ ತಾರಾಲಯ. ಅಲ್ಲಿ 18 ಮೀಟರ್ ವ್ಯಾಸದ ಗುಮ್ಮಟದ ಕೆಳಗೆ ಜನ ಕುರ್ಚಿಗೆ ಒರಗಿ ಕೂರುತ್ತಾರೆ, ಆಕಾಶ ಅವರ ಮೇಲೆ ಹೊರಳುತ್ತದೆ. ಕೂತವರೆಲ್ಲರಿಗೂ ಒಂದೇ ಚಿತ್ರ. ಯಾರ ತಲೆ ಎತ್ತ ತಿರುಗಿತೆಂದು ಗುಮ್ಮಟ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನನಗೆ ಆ ಸಮೂಹದ ಬೆರಗು ತುಂಬ ಪ್ರೀತಿಯದು. ಆದರೆ ಹೆಡ್‌ಸೆಟ್ ಕೊಡುವ ಬೆರಗು ಬೇರೆ ಜಾತಿಯದು. ಅಲ್ಲಿ ಲೋಕವೆಲ್ಲ ಒಬ್ಬನ ಕತ್ತಿನ ತಿರುವಿಗೆ ಜವಾಬು ಕೊಡಬೇಕು, ಅದೂ ಅವನಿಗೆ ಗೊತ್ತಾಗದಷ್ಟು ಬೇಗ.

ಎಷ್ಟು ಬೇಗ ಎಂಬುದನ್ನು ನಿಶ್ಚಯಿಸುವುದು ಕಿವಿಯ ಒಳಗಿರುವ ಮೂರು ಅರ್ಧವೃತ್ತ ನಾಳಗಳು. ತಲೆ ತಿರುಗಿದೊಡನೆ ಅವುಗಳ ಒಳಗಿನ ದ್ರವ ಹಿಂದುಳಿಯುತ್ತದೆ, ಆ ಸುದ್ದಿ ಮೂರು ನರಕೋಶಗಳ ಸರಪಳಿ ಹಿಡಿದು ಕಣ್ಣಿನ ಸ್ನಾಯುಗಳಿಗೆ ಹೋಗುತ್ತದೆ, ಕಣ್ಣು ತಲೆಯ ಎದುರು ದಿಕ್ಕಿಗೆ ಅಷ್ಟೇ ಹೊರಳುತ್ತದೆ. ಇಷ್ಟೂ ನಡೆಯುವುದು ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಹಾಗಾಗಿಯೇ ತಲೆಯಾಡಿಸುತ್ತ ನಡೆದರೂ ಎದುರಿನ ಮರ ಅಲ್ಲಾಡಿದಂತೆ ಕಾಣುವುದಿಲ್ಲ. ನಿಸ್ತಂತು ಕೊಂಡಿ ಪೈಪೋಟಿ ನಡೆಸಬೇಕಾದದ್ದು ಈ ಪುರಾತನ ಕೊಂಡಿಯ ಜತೆಗೆ. ತಲೆ ಅಲುಗಿದ್ದಕ್ಕೂ ಅದಕ್ಕೆ ತಕ್ಕ ಬೆಳಕು ಕಣ್ಣಿಗೆ ಬೀಳುವುದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಹೋಗಬಾರದು ಎಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಗುರಿ. ಅದು ಮೀರಿದರೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ, ಹೊಟ್ಟೆ ತೊಳಸುತ್ತದೆ. ಮಂಗಳೂರಿನ ದಕ್ಕೆಯಿಂದ ಮೊದಲ ಸಲ ದೋಣಿ ಹತ್ತಿದವರಿಗೆ ಆಗುವುದೂ ಇದೇ. ದೋಣಿಯ ಒಳಗನ್ನೇ ನೋಡುತ್ತ ಕೂತ ಕಣ್ಣಿಗೆ ಎಲ್ಲವೂ ನಿಂತಿದೆ, ಕಿವಿಗೆ ಎಲ್ಲವೂ ತೂಗಾಡುತ್ತಿದೆ. ದೂರದ ಬಾನಂಚನ್ನು ನೋಡು ಎಂದು ಹಳಬರು ಹೇಳುವುದು ಕಣ್ಣಿಗೂ ಕಿವಿಗೂ ರಾಜಿ ಮಾಡಿಸುವುದಕ್ಕೆ.

ಕರ್ನಾಟಕಕ್ಕೆ ಬಾನುಲಿಯನ್ನು ತಂದವರು ಒಬ್ಬ ಮನಃಶಾಸ್ತ್ರಜ್ಞ ಎಂಬುದು ಇಲ್ಲಿ ನೆನಪಾಗುತ್ತದೆ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರುಮಾಡಿದರು. ತಂತ್ರಜ್ಞಾನದ ಚರಿತ್ರೆಯಲ್ಲಿ ಅದೊಂದು ಆಕಸ್ಮಿಕದಂತೆ ಕಾಣಬಹುದು. ಇವತ್ತು ನೋಡಿದರೆ ಅದು ಮುಂದೆ ಬರಲಿದ್ದ ಸತ್ಯವನ್ನು ಮೊದಲೇ ನುಡಿದಂತಿದೆ. ಅಲೆಯ ವಿದ್ಯೆ ಮತ್ತು ಮನಸ್ಸಿನ ವಿದ್ಯೆ ಇನ್ನು ಮುಂದೆ ಒಂದೇ ಮನೆಯಲ್ಲಿ ಬಾಳಬೇಕಾಗಿದೆ. ಕೊಂಡಿ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಮೀಟರಿನ ಮುಳ್ಳಲ್ಲ, ಧರಿಸಿದವನ ಮೈ.

ಈ ಕೊಂಡಿಯ ವೇಗಕ್ಕೊಂದು ಗಡಿಯೂ ಇದೆ, ಅದನ್ನು ಯಾವ ಜಾಣತನವೂ ದಾಟಲಾರದು. ಕರಾವಳಿಯ ಎಷ್ಟೋ ಮನೆಗಳ ಒಂದು ತುಣುಕು ಕೊಲ್ಲಿ ದೇಶಗಳಲ್ಲಿದೆ. ದುಬೈಯಲ್ಲಿ ಕೂತ ಮಗಳು ಹೆಡ್‌ಸೆಟ್ ಹಾಕಿಕೊಂಡು ಊರಿನ ಬಯಲಾಟದ ಚೌಕಿಯೊಳಗೆ ಓಡಾಡುವ ದಿನವನ್ನು ಊಹಿಸುವುದು ಕಷ್ಟವಲ್ಲ. ಮಂಗಳೂರಿನಿಂದ ದುಬೈಗೆ ನೇರ ಗೆರೆ ಎಳೆದರೆ 2,400 ಕಿಲೋಮೀಟರಿಗೂ ತುಸು ಹೆಚ್ಚು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 24 ಮಿಲಿಸೆಕೆಂಡಾದರೂ ಬೇಕು. ಅವಳ ತಲೆಯ ತಿರುವು ಮಂಗಳೂರಿಗೆ ಬಂದು, ಅದಕ್ಕೆ ತಕ್ಕ ಚಿತ್ರ ವಾಪಸು ಹೋಗುವಷ್ಟರಲ್ಲಿ ಕಿವಿಯ ಗಡುವು ಮುಗಿದಿರುತ್ತದೆ. ಆದ್ದರಿಂದ ಚೌಕಿಯ ಒಟ್ಟು ರೂಪ ಇಲ್ಲಿಂದ ಹೋಗಬಹುದು, ತಲೆಯ ತಿರುವಿಗೆ ಉತ್ತರ ಮಾತ್ರ ಅವಳ ಕೋಣೆಯಲ್ಲೇ ಹುಟ್ಟಬೇಕು. ಸಾವಿರಾರು ಕಿಲೋಮೀಟರಿನ ಸಮುದ್ರ ದಾಟಿ ಬಂದ ಸಂಪರ್ಕದ ಏಳುಬೀಳು ನಿಶ್ಚಯವಾಗುವುದು ಕೋಣೆಯ ಗೋಡೆಯಿಂದ ಹಣೆಯವರೆಗಿನ ಕೊನೆಯ ಮೂರು ಮೀಟರಿನಲ್ಲಿ.

*

ಆ ಮೂರು ಮೀಟರನ್ನು ಉಳಿಸಿಕೊಳ್ಳುವ ಬಗೆಯೇ ನನಗೆ ಈ ವಿಷಯದ ಅತ್ಯಂತ ಚೆಲುವಾದ ಭಾಗ.

ಬಹುಕಾಲ ನಿಸ್ತಂತು ಜಾಲಗಳನ್ನು ಅಭ್ಯಾಸ ಮಾಡುವವರು ಮನುಷ್ಯನ ಚಲನೆಗೆ ಸರಳವಾದ ಮಾದರಿಗಳನ್ನು ಬಳಸುತ್ತಿದ್ದರು. 1996ರಿಂದ ಪ್ರಚಾರಕ್ಕೆ ಬಂದ ಒಂದು ಹೆಸರಾಂತ ಮಾದರಿಯಲ್ಲಿ ಮನುಷ್ಯ ಒಂದು ಚುಕ್ಕಿ. ಅದು ಎಲ್ಲೋ ಒಂದು ಜಾಗವನ್ನು ಆರಿಸಿಕೊಂಡು ನೇರ ಗೆರೆಯಲ್ಲಿ ಹೋಗುತ್ತದೆ, ಸ್ವಲ್ಪ ನಿಲ್ಲುತ್ತದೆ, ಮತ್ತೊಂದು ಜಾಗ ಆರಿಸಿಕೊಳ್ಳುತ್ತದೆ. ಆ ಚುಕ್ಕಿಗೆ ಕತ್ತಿಲ್ಲ, ಕೈಯಿಲ್ಲ, ಕುತೂಹಲವಿಲ್ಲ. ದೊಡ್ಡ ಅಲೆಗಳ ಕಾಲಕ್ಕೆ ಅಷ್ಟು ಸಾಕಿತ್ತು. ಎಕ್ಸ್‌ಆರ್ ಆ ಚುಕ್ಕಿಗೆ ಮೊದಲ ಸಲ ಮೈ ಕೊಟ್ಟಿತು. ಈಗ ಮೂರು ದಿಕ್ಕಿನ ಸರಿದಾಟ, ಮೂರು ಬಗೆಯ ಹೊರಳಾಟ, ಎರಡೂ ಕೈಗಳ ಜಾಡು ಎಲ್ಲವೂ ಲೆಕ್ಕಕ್ಕೆ ಬೇಕು.

ಆ ಲೆಕ್ಕವನ್ನು ಕೊಡುವವರು ಯಾರು? ಚಲಿಸುವವನೇ. ಹೆಡ್‌ಸೆಟ್‌ನೊಳಗಿನ ಪುಟ್ಟ ಸಂವೇದಕಗಳು ಸೆಕೆಂಡಿಗೆ ನೂರಾರು ಸಲ ತಲೆಯ ತಿರುವನ್ನು ಅಳೆಯುತ್ತಲೇ ಇರುತ್ತವೆ. ಚಿತ್ರವನ್ನು ಸರಿಯಾದ ದಿಕ್ಕಿಗೆ ಬಿಡಿಸಲು ಅದು ಬೇಕೇ ಬೇಕು. ಅದೇ ಅಳತೆಯನ್ನು ರೇಡಿಯೊಗೂ ಹೇಳಿದರೆ ಕಿರಣ ತಪ್ಪುವ ಮುನ್ನವೇ ಅದನ್ನು ತಿರುಗಿಸಬಹುದು. ಕೊಂಡಿಯನ್ನು ಕಡಿಯುವ ಚಲನೆಯೇ ಕೊಂಡಿಯನ್ನು ಕಾಯುವ ಸುದ್ದಿಯನ್ನೂ ತರುತ್ತದೆ. ಹೆಡ್‌ಸೆಟ್‌ಗಳು ಚಿತ್ರವನ್ನು ಬಿಡಿಸುವುದು ಈಗ ಇರುವ ತಲೆಗಾಗಿ ಅಲ್ಲ, ಇನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ಬಂದು ನಿಲ್ಲುವ ಜಾಗಕ್ಕಾಗಿ. ಅಂದಾಜು ತುಸು ತಪ್ಪಿದರೆ ಪರದೆಯ ಮೇಲೆ ಬೀಳುವ ಕೊನೆಯ ಗಳಿಗೆಯಲ್ಲಿ ಚಿತ್ರವನ್ನು ಅಷ್ಟು ಸರಿಸಿ ಕೂರಿಸುತ್ತವೆ. ನಾವು ಇನ್ನೂ ನೋಡದ ಕಡೆ ಲೋಕ ನಮಗಿಂತ ಮೊದಲೇ ಹೋಗಿ ಸಿದ್ಧವಾಗಿ ಕಾದಿರುತ್ತದೆ.

ಯಕ್ಷಗಾನದ ಹಿಮ್ಮೇಳವನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ರಂಗದ ಮೇಲೆ ದಿಗಿಣ ಹಾರುವ ವೇಷಧಾರಿ ಯಾವಾಗ ನೆಲ ಮುಟ್ಟುತ್ತಾನೆಂದು ಚೆಂಡೆಯವರು ಅವನು ಮುಟ್ಟಿದ ಮೇಲೆ ತಿಳಿದುಕೊಂಡರೆ ಪೆಟ್ಟು ತಡವಾಗುತ್ತದೆ. ಮಂಡಿಯ ಬಾಗು, ಹೆಗಲಿನ ಬಿಗಿ, ಭಾಗವತರ ಕಡೆಗಿನ ಒಂದು ನೋಟ, ಇಷ್ಟರಲ್ಲೇ ಮುಂದಿನ ಹೆಜ್ಜೆಯನ್ನು ಓದಿ, ಪಾದ ಇಳಿಯುವ ಗಳಿಗೆಗೆ ಸರಿಯಾಗಿ ಪೆಟ್ಟನ್ನು ಇಳಿಸುತ್ತಾರೆ. ವೇಷಧಾರಿ ನಿಂತುಬಿಟ್ಟರೆ ತನ್ನ ಕೆಲಸ ಸುಲಭವಾಗುತ್ತಿತ್ತೆಂದು ಯಾವ ಮದ್ದಳೆಗಾರನೂ ಬಯಸುವುದಿಲ್ಲ. ವೇಷಧಾರಿಯ ಕುಣಿತಕ್ಕಾಗಿಯೇ ತಾನಿರುವುದೆಂದು ಅವನಿಗೆ ಗೊತ್ತು. ಒಳ್ಳೆಯ ನಿಸ್ತಂತು ಕೊಂಡಿಯ ಧರ್ಮವೂ ಇದೇ ಎಂದು ನಾನು ನಂಬುತ್ತೇನೆ.

ಅಡ್ಡ ನಿಲ್ಲುವ ಮೈಗೂ ಉಪಾಯಗಳಿವೆ. ಕೋಣೆಯ ಒಂದೇ ಮೂಲೆಯಿಂದ ಕಳಿಸುವ ಬದಲು ಎರಡು ಮೂರು ಕಡೆಯಿಂದ ಕಳಿಸಬಹುದು. ಹೆಡ್‌ಸೆಟ್‌ನ ಹಣೆಗೂ ಹಿಂದಲೆಗೂ ಆಂಟೆನಾ ಹಚ್ಚಬಹುದು. ಅಮೆರಿಕದ ಎಂಐಟಿಯಲ್ಲಿ ಓಮಿದ್ ಅಬಾರಿ, ದೀನಾ ಕತಾಬಿ ಮತ್ತು ಸಂಗಡಿಗರು 2017ರಲ್ಲಿ ಬೇಕೆಂದ ಕೋನಕ್ಕೆ ಅಲೆಯನ್ನು ತಿರುಗಿಸಿ ಕಳಿಸುವ ಒಂದು ಪುಟ್ಟ ಕನ್ನಡಿಯನ್ನೇ ಮಾಡಿ ತೋರಿಸಿದರು. ಎತ್ತಿದ ಕೈ ನೇರ ದಾರಿಯನ್ನು ಮುಚ್ಚಿದರೆ ಅಲೆ ಗೋಡೆಯ ಕನ್ನಡಿಗೆ ಹೋಗಿ ಅಲ್ಲಿಂದ ಬಳಸಿ ಬರುತ್ತದೆ. ಈ ಉಪಾಯಗಳಲ್ಲಿ ಯಾವುದೂ ಮನುಷ್ಯನನ್ನು ಕೈ ಇಳಿಸು ಎನ್ನುವುದಿಲ್ಲ.

*

ಇಷ್ಟು ಹತ್ತಿರದಿಂದ ನಮ್ಮನ್ನು ನೋಡುವ ಅಲೆ ನಮ್ಮ ಬಗ್ಗೆ ಬೇರೆ ಏನನ್ನೆಲ್ಲ ತಿಳಿದುಕೊಳ್ಳುತ್ತದೆ ಎಂಬ ಪ್ರಶ್ನೆ ಬೆರಗಿನ ಬೆನ್ನಿಗೇ ಬರುತ್ತದೆ, ಬರಬೇಕು.

ಮೈಗೆ ಏನನ್ನೂ ಕಟ್ಟದೆ, ಕೋಣೆಯಲ್ಲಿ ತಾಗಿ ಮರಳಿದ ರೇಡಿಯೊ ಅಲೆಗಳಿಂದಲೇ ಒಬ್ಬರ ಉಸಿರಾಟವನ್ನೂ ಎದೆಬಡಿತವನ್ನೂ ಎಣಿಸಬಹುದೆಂದು ಕತಾಬಿಯವರ ಬಳಗವೇ 2015ರಲ್ಲಿ ತೋರಿಸಿತು. ಮಲಗಿದ ಹಿರಿಯರನ್ನು, ತೊಟ್ಟಿಲ ಕೂಸನ್ನು ಮುಟ್ಟದೆ ಕಾಯಲು ಇದು ವರವಾಗಬಲ್ಲದು. 2023ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಭ್ಯಾಸ ಇನ್ನೂ ಮುಂದಕ್ಕೆ ಹೋಯಿತು. ‘ಬೀಟ್ ಸೇಬರ್’ ಎಂಬ ವಿಆರ್ ಆಟವಾಡಿದ 55,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಗಳ ಚಲನೆಯನ್ನು ಅವರು ಪರಿಶೀಲಿಸಿದರು. ನೂರು ಸೆಕೆಂಡುಗಳ ಚಲನೆ ಸಿಕ್ಕಿದರೆ ಅಷ್ಟು ಜನರ ನಡುವೆ ಇಂಥವರೇ ಎಂದು ನೂರಕ್ಕೆ 94 ಸಲ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಮುಖವಿಲ್ಲ, ದನಿಯಿಲ್ಲ, ಹೆಸರಿಲ್ಲ. ಕೈ ಬೀಸುವ ಬಗೆ, ತಲೆ ವಾಲಿಸುವ ರೀತಿ ಅಷ್ಟೇ.

ಬಣ್ಣದ ವೇಷದ ದಪ್ಪ ಚಿಟ್ಟಿಯ ಹಿಂದೆ ಯಾರಿದ್ದಾರೆಂದು ರಂಗಪ್ರವೇಶದ ನಾಲ್ಕು ಹೆಜ್ಜೆಯಲ್ಲೇ ಹೇಳುವ ಪ್ರೇಕ್ಷಕರು ನಮ್ಮಲ್ಲಿದ್ದಾರೆ. ಅದು ಅಕ್ಕರೆಯಿಂದ ಹುಟ್ಟಿದ ಗುರುತು, ವರ್ಷಗಟ್ಟಲೆ ಆಟ ನೋಡಿದ ಕಣ್ಣಿನ ಸಂಪಾದನೆ. ಎಲ್ಲೋ ಇರುವ ಕಡತದಲ್ಲಿ ನಮಗೆ ತಿಳಿಯದೆ ಸೇರಿಕೊಂಡ ಗುರುತಿನಲ್ಲಿ ಆ ಅಕ್ಕರೆ ಇಲ್ಲ. ಕಿರಣವನ್ನು ತಿರುಗಿಸಲು ಚಲನೆಯ ಸುದ್ದಿ ಬೇಕು, ಒಪ್ಪೋಣ. ಆದರೆ ಅದು ಬೇಕಾಗಿರುವುದು ಕೆಲವು ಮಿಲಿಸೆಕೆಂಡು ಮಾತ್ರ, ಅದೂ ಆ ಕೋಣೆಯೊಳಗೆ ಮಾತ್ರ. ಕೆಲಸ ಮುಗಿದ ಮೇಲೆ ಅದನ್ನು ಕೂಡಿಡುವುದಕ್ಕೆ ಭೌತವಿಜ್ಞಾನ ಯಾವ ಕಾರಣವನ್ನೂ ಕೊಡುವುದಿಲ್ಲ. ನಮ್ಮ ದೇಶಕ್ಕೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿದೆ. ನಡಿಗೆ, ಕತ್ತಿನ ತಿರುವು, ಉಸಿರಿನ ಏರಿಳಿತ ಇವೂ ಒಬ್ಬ ವ್ಯಕ್ತಿಯ ಸ್ವಂತದ್ದೆಂದು ಆ ಕಾಯಿದೆಯನ್ನು ಜಾರಿ ಮಾಡುವವರೂ ಯಂತ್ರ ಕಟ್ಟುವವರೂ ಮನಗಾಣಬೇಕು.

*

1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಸುರತ್ಕಲ್ಲಿನ ಎನ್‌ಐಟಿಕೆ ಮೊದಲ್ಗೊಂಡು ಮಂಗಳೂರಿನ ಸುತ್ತಮುತ್ತ ಎಂಜಿನಿಯರಿಂಗ್ ಕಲಿಯುವ ಸಾವಿರಾರು ಮಕ್ಕಳಿದ್ದಾರೆ. ಅವರಲ್ಲಿ ಕೆಲವರಾದರೂ ಆಂಟೆನಾಗಳ, ಮಿಲಿಮೀಟರ್ ತರಂಗಗಳ ಕಡೆಗೆ ಹೊರಳುತ್ತಾರೆ. ಅವರಿಗೆ ನನ್ನದೊಂದು ಮಾತಿದೆ.

ನಿಮ್ಮ ಸುತ್ತ ಇರುವಂಥ ಚಲನೆಯ ಸಂಪತ್ತು ಎಲ್ಲರಿಗೂ ಸಿಗುವಂಥದ್ದಲ್ಲ. ದಸರೆಯ ಹುಲಿವೇಷ ಬೀದಿಯಲ್ಲಿ ಹೇಗೆ ಬಾಗುತ್ತದೆ, ಹೇಗೆ ಹಿಂದಕ್ಕೆ ಲಾಗ ಹಾಕುತ್ತದೆ, ಬಲೆ ಎಳೆಯುವವರ ಹೆಗಲು ಒಟ್ಟಿಗೆ ಹೇಗೆ ಏಳುತ್ತದೆ, ಬೀಡಿ ಕಟ್ಟುವ ಕೈ ಕತ್ತನ್ನು ಬಗ್ಗಿಸಿಕೊಂಡೇ ಗಂಟೆಗಟ್ಟಲೆ ಹೇಗೆ ಆಡುತ್ತದೆ, ಮಂಡಿ ನೋವಿನ ಅಜ್ಜಿ ಮೆಟ್ಟಿಲನ್ನು ಯಾವ ಓರೆಯಲ್ಲಿ ಹತ್ತುತ್ತಾರೆ ಇದೆಲ್ಲವೂ ಮನುಷ್ಯನ ಚಲನೆಯೇ. ಕೋಣೆಯಲ್ಲಿ ಆಟವಾಡುವ ಯುವಕರ ಚಲನೆಯೊಂದನ್ನೇ ಅಳೆದು ಕಟ್ಟಿದ ಕೊಂಡಿ ಇವರೆಲ್ಲರ ಮುಂದೆ ಕಡಿದುಹೋದೀತು. ಒಪ್ಪಿಗೆ ಕೇಳಿ, ಗೌರವದಿಂದ, ಇವರನ್ನೂ ಪ್ರಯೋಗಶಾಲೆಗೆ ಕರೆಯಿರಿ. ಎಲ್ಲರ ಮೈಗೂ ಒಗ್ಗುವ ಕಿರಣವನ್ನು ಕಟ್ಟಿರಿ. ಅಳೆದದ್ದನ್ನು ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸಿರಿ.

ಹೆಡ್‌ಸೆಟ್ ಕೊಳ್ಳುವ ಓದುಗರಲ್ಲೂ ಒಂದು ವಿನಂತಿ. ಚಿತ್ರ ಎಷ್ಟು ನುಣುಪಾಗಿದೆ ಎಂದು ಕೇಳುವ ಜತೆಗೆ ಎರಡು ಪ್ರಶ್ನೆ ಕೇಳಿ: ಇದನ್ನು ಧರಿಸಿ ನಾನು ನನ್ನಂತೆಯೇ ನಡೆಯಬಹುದೇ? ನನ್ನ ನಡಿಗೆಯ ಗುರುತು ಎಲ್ಲಿ ಹೋಗಿ ಸೇರುತ್ತದೆ? ಎರಡಕ್ಕೂ ನೇರ ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ಸಿಗ್ನಲ್ ಉಳಿಯಬೇಕಾದರೆ ಅಲುಗಾಡದೆ ಕೂರಿ ಎನ್ನುವ ಯಂತ್ರ ಇನ್ನೂ ಕಲಿಯಬೇಕಾದದ್ದು ಬಹಳ ಇದೆ. ಚಲಿಸುವುದು ಮನುಷ್ಯನ ಹಕ್ಕು, ಅದನ್ನು ಹಿಂಬಾಲಿಸುವುದು ಅಲೆಯ ಕೆಲಸ.